ತಾತನ ಮೌಸರ್ ರೈಫಲ್ಲಿಗೆ ಹೊಸ ಸ್ಕೋಪ್: ಅಳತೆ ಮೊದಲು, ಅಂಗಡಿ ಆಮೇಲೆ

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 58. ನಮ್ಮ ತಾತ 1930ರ ದಶಕದಲ್ಲಿ ಕೊಂಡಿದ್ದ ಜರ್ಮನಿಯ ಮೌಸರ್ ಬೋಲ್ಟಿನ ಶಿಕಾರಿ ರೈಫಲ್ ಅಪ್ಪನ ನಂತರ ಕಳೆದ ವರ್ಷ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ಲೈಸೆನ್ಸಿನಲ್ಲಿ .275 ಎಂದೂ ನಳಿಗೆಯ ಮೇಲೆ 7×57 ಎಂದೂ ಇದೆ. ಅದರ ಮೇಲಿರುವ, ಗುರಿ ನೋಡುವ ಹಳೆಯ ದುರ್ಬೀನು ಅಂದರೆ ಸ್ಕೋಪಿನಲ್ಲಿ ನೋಡಿದರೆ ಎಲ್ಲವೂ ಮಂಜು ಮಂಜಾಗಿ ಕಾಣುತ್ತದೆ, ಗುರಿಗೆರೆಯೂ ನಡುವಿನಲ್ಲಿಲ್ಲ. ಅಂಗಡಿಯವರೊಬ್ಬರು ಇದನ್ನು ಎಸೆದು, ರೈಫಲ್ ಮೇಲೆ ನಾಲ್ಕು ತೂತು ಕೊರೆಸಿ 6-24×50 ಸ್ಕೋಪ್ ಹಾಕಿಸಿ ಎನ್ನುತ್ತಾರೆ. ನನಗೆ ಬೇಕಿರುವುದು ರೇಂಜಿನಲ್ಲಿ ವರ್ಷಕ್ಕೆ ಒಂದೆರಡು ಸಲ ಗುರಿ ಅಭ್ಯಾಸ, ಉಳಿದಂತೆ ತಾತನ ನೆನಪು. ತೋಟಕ್ಕೆ ಹಂದಿಯ ಕಾಟವೂ ಇದೆ. ಉಳಿದಿರುವುದು 15 ತೋಟಾ. ಯಾವ ಸ್ಕೋಪ್ ಕೊಳ್ಳಲಿ?

ಉತ್ತರ: ಮೊದಲು ಮೂರು ಬೇಡಗಳನ್ನು ಹೇಳಿಬಿಡುತ್ತೇನೆ. ತೂತು ಕೊರೆಸಬೇಡಿ, 6-24×50 (ಅಂದರೆ 6ರಿಂದ 24 ಪಟ್ಟು ಹಿಗ್ಗಿಸಿ ತೋರಿಸುವ, 50 ಮಿಲಿಮೀಟರ್ ಮುಂಗಾಜಿನ ಸ್ಕೋಪ್) ಕೊಳ್ಳಬೇಡಿ, ಹಳೆಯ ಸ್ಕೋಪನ್ನು ಎಸೆಯಬೇಡಿ. ಇಂಥ ರೈಫಲ್ಲಿಗೆ ಯಾವ ಸ್ಕೋಪ್ ಎಂಬುದನ್ನು ಅಂಗಡಿಯ ಕಪಾಟು ನಿರ್ಧರಿಸುವುದಿಲ್ಲ, ರೈಫಲ್ಲೇ ನಿರ್ಧರಿಸುತ್ತದೆ. ನೀವು ಪತ್ರದ ಜೊತೆ ಕಳಿಸಿದ ಎರಡು ಚಿತ್ರಗಳನ್ನು ನೋಡಿದ ಮೇಲೆ ನನಗೆ ಅದರ ಬಗ್ಗೆ ಸಂಶಯ ಉಳಿದಿಲ್ಲ.

ಸ್ಕೋಪಿನ ಮಾತಿಗೆ ಮುಂಚೆ ರೈಫಲ್ಲಿನ ಮಾತು ಮುಗಿಸೋಣ. 7×57 ಎಂಬುದು ಮೌಸರ್ ಕಂಪನಿ 1890ರ ದಶಕದ ಆರಂಭದಲ್ಲಿ ಹೊರತಂದ ತೋಟಾ. ಅದನ್ನೇ ಇಂಗ್ಲೆಂಡಿನ ರಿಗ್ಬಿ ಕಂಪನಿ .275 ಎಂಬ ಹೆಸರಿನಲ್ಲಿ ಮಾರಿತು. ಹಾಗಾಗಿ ನಿಮ್ಮ ಲೈಸೆನ್ಸಿನ ಬರಹವೂ ನಳಿಗೆಯ ಬರಹವೂ ಒಂದಕ್ಕೊಂದು ವಿರುದ್ಧವಲ್ಲ. ಆದರೆ .275 ಎಂಬ ಅಂಕಿಯಡಿಯಲ್ಲೇ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ ಮ್ಯಾಗ್ನಮ್ ತೋಟಾ ಕೂಡ ಇದೆ, ಅದು ಉದ್ದದಲ್ಲೂ ಮದ್ದಿನ ಬಲದಲ್ಲೂ ಬೇರೆಯದು. ಆದ್ದರಿಂದ ತೋಟಾ ಕೊಳ್ಳುವಾಗ ಲೈಸೆನ್ಸ್ ಪುಸ್ತಕದ ಅಂಕಿಯೊಂದನ್ನೇ ನಂಬದೆ, ನಳಿಗೆಯ ಮೇಲಿನ 7×57 ಎಂಬ ಬರಹವನ್ನು ತೋಟಾದ ಬುಡದ ಬರಹದೊಂದಿಗೆ ಹೋಲಿಸಿಕೊಳ್ಳಿ. ಎಂಬತ್ತು ತೊಂಬತ್ತು ವರ್ಷದ ರೈಫಲ್ಲಿಗೆ ದುಬಾರಿ ಸ್ಕೋಪ್ ಕೊಳ್ಳುವ ಮುನ್ನ, ತೋಟಾವನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಸರಿಯಾಗಿ ಬಿಗಿಯುತ್ತದೆಯೇ, ತೋಟಾ ಕೂರುವ ಕೋಣೆಯಲ್ಲಿ ಸಡಿಲಿಕೆ ಇದೆಯೇ, ನಳಿಗೆಯೊಳಗಿನ ಗೆರೆಗಳು ತುಕ್ಕು ತಿಂದಿವೆಯೇ ಎಂಬುದನ್ನು ಲೈಸೆನ್ಸ್ ಹೊಂದಿದ ಕೋವಿ ರಿಪೇರಿಯವರಲ್ಲಿ ತೋರಿಸಿ. ನಳಿಗೆ ಹೋಗಿದ್ದರೆ ಮುಂದಿನ ಖರ್ಚೆಲ್ಲವೂ ವ್ಯರ್ಥ.

ಈಗ ಚಿತ್ರದಲ್ಲಿ ಕಂಡದ್ದು. ನಿಮ್ಮ ಸ್ಕೋಪ್ ಕೂತಿರುವುದು ಕ್ಲಾ ಮೌಂಟ್ ಎಂಬ ಜರ್ಮನ್ ಪದ್ಧತಿಯ ಆಸರೆಯ ಮೇಲೆ. ಸ್ಕೋಪಿನ ಮುಂದಿನ ಉಂಗುರದ ಅಡಿಯಲ್ಲಿ ಹಕ್ಕಿಯ ಉಗುರಿನಂಥ ಎರಡು ಕೊಕ್ಕೆಗಳಿರುತ್ತವೆ. ಅವನ್ನು ರೈಫಲ್ ಮೇಲಿನ ಮುಂದಿನ ಪೀಠದಲ್ಲಿ ಸಿಕ್ಕಿಸಿ ಸ್ಕೋಪನ್ನು ಕೆಳಕ್ಕೆ ಬಾಗಿಸಿದರೆ, ಹಿಂದಿನ ಕೊಕ್ಕೆಗಳು ಹಿಂದಿನ ಪೀಠದಲ್ಲಿ ಸ್ಪ್ರಿಂಗಿನ ಒತ್ತಿಗೆ ಟಕ್ ಎಂದು ಕೂರುತ್ತವೆ. ತೆಗೆಯುವಾಗ ಹಿಂದಿನ ಗುಂಡಿಯನ್ನು ಒತ್ತಿ ಎತ್ತಿದರೆ ಸಾಕು. ಇದನ್ನು ಆ ಕಾಲದ ಕುಶಲಕರ್ಮಿಗಳು ಪ್ರತಿ ರೈಫಲ್ಲಿಗೂ ಬೇರೆಬೇರೆಯಾಗಿ ಅರ ಹಿಡಿದು ಕೂರಿಸುತ್ತಿದ್ದರು. ಒಂದು ರೈಫಲ್ಲಿನ ಕೊಕ್ಕೆ ಇನ್ನೊಂದಕ್ಕೆ ಕೂರುವುದಿಲ್ಲ. ಹೀಗಾಗಿ ಆ ಎರಡು ಪೀಠಗಳು ನಿಮ್ಮ ರೈಫಲ್ಲಿನ ಅತ್ಯಂತ ಬೆಲೆಯುಳ್ಳ ಭಾಗಗಳ ಪೈಕಿ ಸೇರಿವೆ. ಅವನ್ನು ಬಿಚ್ಚಿ, ಪಕ್ಕದಲ್ಲಿ ನಾಲ್ಕು ತೂತು ಕೊರೆಸುವುದೆಂದರೆ ಹಳೆಯ ಮನೆಯ ತೇಗದ ಕಂಬ ಕಿತ್ತು ಕಬ್ಬಿಣದ ಪೈಪ್ ನಿಲ್ಲಿಸಿದಂತೆ. ಮಾಡು ನಿಲ್ಲುತ್ತದೆ, ಆದರೆ ಮನೆ ಆ ಮನೆಯಾಗಿ ಉಳಿಯುವುದಿಲ್ಲ.

ಹಳೆಯ ಸ್ಕೋಪನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ಮಂಜು ಎಂಬ ಒಂದೇ ಲಕ್ಷಣಕ್ಕೆ ನಾಲ್ಕು ಬೇರೆಬೇರೆ ಕಾರಣಗಳಿರಬಹುದು. ಸ್ಕೋಪನ್ನು ರೈಫಲ್ಲಿನಿಂದ ಕಳಚಿ, ಕತ್ತಲ ಕೋಣೆಯಲ್ಲಿ ಮುಂದಿನ ಮಸೂರಕ್ಕೆ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು ಹಿಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ ಕವಲೊಡೆದದ್ದು ಕಂಡರೆ ಅದು ಬೂಷ್ಟು. ಸಮನಾದ ಹಾಲುಬಣ್ಣದ ಪೊರೆ ಕಂಡರೆ, ಒಳಗಿನ ಹಳೆಯ ಗ್ರೀಸ್ ಆವಿಯಾಗಿ ಮಸೂರದ ಮೇಲೆ ಕೂತಿರುವುದು, ಅದನ್ನು ಒರೆಸಿ ತೆಗೆಯಬಹುದು. ಮಸೂರದ ಅಂಚಿನಿಂದ ಒಳಕ್ಕೆ ಕಾಮನಬಿಲ್ಲಿನ ಬಣ್ಣವೋ ಹಳದಿ ಕಲೆಯೋ ಹಬ್ಬಿದ್ದರೆ, ಜೋಡಿ ಮಸೂರಗಳನ್ನು ಅಂಟಿಸಿದ್ದ ಕೆನಡಾ ಬಾಲ್ಸಮ್ ಎಂಬ ಮರದ ಅಂಟು ಬಿಟ್ಟುಕೊಂಡಿದೆ ಎಂದರ್ಥ. ನಾಲ್ಕನೆಯದು ಹೊರಗಿನ ಗಾಜಿನ ಮೇಲಿನ ಗೀರುಗಳು, ಅಂಗಿಯ ತುದಿಯಿಂದ ಮೂರು ತಲೆಮಾರು ಒರೆಸಿದ ಫಲ. ಮೊದಲ ಮೂರಕ್ಕೂ ಔಷಧವಿದೆ. ಬೂಷ್ಟು ಗಾಜನ್ನೇ ಕೊರೆದಿದ್ದರೆ ಮಾತ್ರ ಗುರುತು ಉಳಿಯುತ್ತದೆ. ಬೈನಾಕ್ಯುಲರ್, ಸರ್ವೆಯ ಥಿಯೊಡೊಲೈಟ್, ಹಳೆಯ ಕ್ಯಾಮೆರಾ ಲೆನ್ಸ್ ರಿಪೇರಿ ಮಾಡುವವರು ಈ ಕೆಲಸವನ್ನು ಬಲ್ಲರು. ಸ್ಕೋಪನ್ನು ಮಾತ್ರ ಕಳಚಿ ಅವರ ಬಳಿ ಒಯ್ಯಿರಿ, ರೈಫಲ್ಲನ್ನಲ್ಲ. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನೀವೇ ಬಿಚ್ಚುವ ಸಾಹಸ ಖಂಡಿತ ಬೇಡ. ಒಳಗಿನ ಗುರಿಗೆರೆಯ ತಂತಿ ಕೂದಲಿಗಿಂತ ತೆಳ್ಳಗಿದ್ದು, ಉಸಿರು ತಾಗಿದರೂ ಹರಿಯುವಂಥದ್ದಾಗಿರಬಹುದು.

ಗುರಿಗೆರೆ ನಡುವಿನಲ್ಲಿಲ್ಲ ಎಂಬ ನಿಮ್ಮ ದೂರಿಗೆ ಬರುತ್ತೇನೆ. ಅದು ಕೆಟ್ಟಿರುವ ಲಕ್ಷಣ ಆಗಲೇಬೇಕೆಂದಿಲ್ಲ. ಇಂದಿನ ಸ್ಕೋಪುಗಳಲ್ಲಿ ಮೇಲೆ ಕೆಳಗೆ, ಎಡ ಬಲ ಎಷ್ಟೇ ತಿರುಗಿಸಿದರೂ ಗೆರೆ ನೋಟದ ನಡುವಿನಲ್ಲೇ ನಿಲ್ಲುವಂತೆ ಒಳಗಿನ ಸಣ್ಣ ನಳಿಕೆಯೇ ಅಲುಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಸ್ಕೋಪುಗಳಲ್ಲಿ ಗೆರೆಯೇ ಸರಿಯುತ್ತಿತ್ತು, ಆದ್ದರಿಂದ ಗುರಿ ಹೊಂದಿಸಿದ ಮೇಲೆ ಅದು ಮೂಲೆಯ ಕಡೆ ಕಾಣುವುದು ಸಹಜ. ಇನ್ನೂ ಒಂದು ವಿಷಯವಿದೆ. ಆ ಕಾಲದ ಅನೇಕ ಜರ್ಮನ್ ಸ್ಕೋಪುಗಳಿಗೆ ಮೇಲೆ ಕೆಳಗೆ ಹೊಂದಿಸುವ ಒಂದೇ ತಿರುಪು ಇರುತ್ತಿತ್ತು, ಅದರ ಮೇಲೆ 1, 2, 3 ಎಂದು ನೂರು ಮೀಟರುಗಳ ಲೆಕ್ಕ ಬರೆದಿರುತ್ತಿತ್ತು. ಎಡ ಬಲದ ಹೊಂದಾಣಿಕೆಯನ್ನು ಹಿಂದಿನ ಪೀಠದ ಎರಡು ಕಡೆಯ ತಿರುಪುಗಳಿಂದ ಮಾಡುತ್ತಿದ್ದರು. ನಿಮ್ಮ ಚಿತ್ರದಲ್ಲಿ ಹಿಂದಿನ ಪೀಠದ ಪಕ್ಕದಲ್ಲಿ ಕಾಣುವ ಆ ಎರಡು ತಿರುಪುಗಳು ಅವೇ. ಅವನ್ನು ಯಾರಾದರೂ ಸಡಿಲವಾಗಿದೆಯೆಂದು ಬಿಗಿದಿದ್ದರೆ ತಾತನ ಗುರಿ ಅಂದೇ ಹೋಗಿರುತ್ತದೆ.

ಹಾಗಿದ್ದರೂ ಶುಚಿಗೊಳಿಸಿದ ಹಳೆಯ ಸ್ಕೋಪ್ ಇಂದಿನದಷ್ಟು ಬೆಳಗುವುದಿಲ್ಲ ಎಂಬುದನ್ನು ಮುಚ್ಚಿಡಲಾರೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಸಾಧಾರಣ ಸ್ಕೋಪೊಂದರಲ್ಲಿ ಗಾಳಿಗೆ ಒಡ್ಡಿಕೊಂಡ ಇಂಥ ಮೈಗಳು ಹತ್ತು ಎಂದಿಟ್ಟುಕೊಂಡರೆ, ಕಣ್ಣಿಗೆ ತಲುಪುವುದು ಮೂರರಲ್ಲಿ ಎರಡು ಪಾಲು ಬೆಳಕು. ಉಳಿದದ್ದು ಒಳಗೇ ಅಲೆದಾಡಿ ಚಿತ್ರವನ್ನು ಮಂಕಾಗಿಸುತ್ತದೆ. ಈ ಚಿಮ್ಮುವಿಕೆಯನ್ನು ತಡೆಯುವ ತೆಳುಲೇಪನವನ್ನು ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಕಂಡುಹಿಡಿದರಾದರೂ, ಸಾಮಾನ್ಯ ಶಿಕಾರಿ ಸ್ಕೋಪುಗಳಿಗೆ ಅದು ಬಂದದ್ದು ಯುದ್ಧದ ನಂತರ. ಹಗಲು ಬೆಳಕಿನಲ್ಲಿ 100 ಮೀಟರ್ ದೂರದ ಕಾಗದದ ಗುರಿಗೆ ಈ ಕೊರತೆ ಅಡ್ಡಿಯಾಗುವುದಿಲ್ಲ. ನೀವು ಕೇಳಿದ ಉಪಯೋಗಕ್ಕೆ ದುರಸ್ತಿಯಾದ ಹಳೆಯ ಸ್ಕೋಪೇ ಸಾಕಾಗಬಹುದು ಎನ್ನುವುದು ನನ್ನ ಮೊದಲ ಸಲಹೆ.

ದುರಸ್ತಿಗೆ ಮೀರಿದ್ದರೆ ಮಾತ್ರ ಹೊಸದು. ಆಗ ಮೊದಲು ಬೇಕಾದದ್ದು ವರ್ನಿಯರ್ ಎಂಬ ಅಳತೆಯ ಸಾಧನ. ಹಳೆಯ ಸ್ಕೋಪಿನ ನಳಿಕೆಯ ಹೊರಗಿನ ದಪ್ಪವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆಯಿರಿ. ಆ ಕಾಲದ ಯುರೋಪಿನ ಸ್ಕೋಪುಗಳು 22, 26, 26.5 ಮಿಲಿಮೀಟರ್ ಹೀಗೆ ನಾನಾ ದಪ್ಪದಲ್ಲಿ ಬರುತ್ತಿದ್ದವು. ಇಂದು ಸಾಮಾನ್ಯವಾಗಿ ಸಿಗುವುದು ಒಂದು ಇಂಚಿನ, ಅಂದರೆ 25.4 ಮಿಲಿಮೀಟರಿನ ನಳಿಕೆ ಮತ್ತು 30 ಮಿಲಿಮೀಟರಿನದು. ನಿಮ್ಮ ಉಂಗುರಗಳು 26.5ರವಾಗಿದ್ದು ತಿರುಪಿನಿಂದ ಬಿಗಿಯುವಂಥವಾದರೆ, ಸುತ್ತ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪದ ಕೊಳವೆಯಂಥ ಒಂದು ಒಳಪದರವನ್ನು ಇಟ್ಟು ಒಂದು ಇಂಚಿನ ಸ್ಕೋಪನ್ನು ಕೂರಿಸಬಹುದು. 30ರದ್ದು ಹಿಡಿಯುವ ಮಾತೇ ಇಲ್ಲ. 22ರ ಉಂಗುರವಾದರೆ ಒಂದು ಇಂಚಿನದೂ ಹಿಡಿಯದು.

ಆದರೆ ನಿಮ್ಮ ಚಿತ್ರದಲ್ಲಿ ಉಂಗುರಗಳಿಗೆ ತಿರುಪು ಕಾಣುತ್ತಿಲ್ಲ. ಅವು ನಳಿಕೆಗೆ ಬೆಸುಗೆ ಹಾಕಿದವು ಇರಬೇಕು, ಮುಂದಿನದಂತೂ ಸ್ಕೋಪಿನ ಮುಂತುದಿಯ ಅಗಲವಾದ ಗಂಟೆಯಂಥ ಭಾಗಕ್ಕೇ ಬೆಸೆದಂತಿದೆ. ಹಳೆಯ ನಳಿಕೆ ಉಕ್ಕಿನದಾದ್ದರಿಂದ ಬೆಸುಗೆ ಸಾಧ್ಯವಾಯಿತು. ಈಗಿನ ಸ್ಕೋಪುಗಳು ಬಹುಪಾಲು ಅಲ್ಯೂಮಿನಿಯಂ ಆದ್ದರಿಂದ ಅವಕ್ಕೆ ಆ ಬೆಸುಗೆ ಹಿಡಿಯುವುದಿಲ್ಲ, ಹಿಡಿಸಲು ಹೋದರೆ ಬಿಸಿಗೆ ಒಳಗಿನ ಮಸೂರಗಳು ಹಾಳಾಗುತ್ತವೆ. ಈ ಸಂದರ್ಭದಲ್ಲಿ ನುರಿತ ಗನ್‌ಸ್ಮಿತ್ ಒಬ್ಬರಿಂದ ನಿಮ್ಮ ಪೀಠಗಳಿಗೆ ಕೂರುವ ಕೊಕ್ಕೆಗಳುಳ್ಳ, ತಿರುಪಿನಿಂದ ಬಿಗಿಯುವ ಹೊಸ ಉಂಗುರಗಳನ್ನು ಮಾಡಿಸಬೇಕಾಗುತ್ತದೆ. ಇದು ದಿನವಿಡೀ ಅರ ಉಜ್ಜುವ ಕೆಲಸ, ಅಗ್ಗವಾಗಿ ಆಗುವುದಿಲ್ಲ, ಕೆಲವೊಮ್ಮೆ ಸ್ಕೋಪಿಗಿಂತ ಉಂಗುರದ ಕೂಲಿಯೇ ಹೆಚ್ಚಾಗುತ್ತದೆ. ಆದರೂ ರೈಫಲ್ಲಿನ ಮೈಗೆ ಒಂದು ಗೀರೂ ಬೀಳದ ದಾರಿ ಇದೊಂದೇ. ಹಳೆಯ ಸ್ಕೋಪ್ ತನ್ನ ಉಂಗುರಗಳ ಸಮೇತ ಹಾಗೆಯೇ ಉಳಿಯುತ್ತದೆ, ಬೇಕೆಂದಾಗ ಮತ್ತೆ ಕೂರಿಸಬಹುದು.

ಉಂಗುರದ ದಾರಿ ಗೊತ್ತಾದ ಮೇಲೆಯೇ ಸ್ಕೋಪಿನ ಆಯ್ಕೆ. ನನ್ನ ಆಯ್ಕೆ ಬದಲಾಗದ 4 ಪಟ್ಟಿನ, 32 ಅಥವಾ 36 ಮಿಲಿಮೀಟರ್ ಮುಂಗಾಜಿನ ಸ್ಕೋಪ್, ಇಲ್ಲವೇ ಮುಂತುದಿ ಅಗಲವಾಗದ 1-4×20ರಂಥ ನೇರ ನಳಿಕೆಯದು. ಇದು ಹಳೆಯದರ ಮೇಲಿನ ಮೋಹದಿಂದ ಹೇಳುವ ಮಾತಲ್ಲ. 4 ಪಟ್ಟಿನಲ್ಲಿ 100 ಮೀಟರಿನ ಗುರಿ 25 ಮೀಟರಿನಲ್ಲಿರುವಂತೆ ಕಾಣುತ್ತದೆ, ಈ ರೈಫಲ್ಲಿನಿಂದ ಅದಕ್ಕಿಂತ ಹತ್ತಿರ ತರಬೇಕಾದ ಅಗತ್ಯ ನಿಮಗಿಲ್ಲ. ಸ್ಕೋಪಿನಿಂದ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ತಿಳಿಯಬೇಕಾದರೆ ಮುಂಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್. ಅಂಗಡಿಯವರು ಹೇಳಿದ ಸ್ಕೋಪನ್ನು 24 ಪಟ್ಟಿಗೆ ತಿರುಗಿಸಿದರೆ 50 ಭಾಗ 24, ಸುಮಾರು 2 ಮಿಲಿಮೀಟರ್. ಅಷ್ಟು ಸಣ್ಣ ಬಿಲ್ಲೆಗೆ ಕಣ್ಣನ್ನು ನೇರವಾಗಿ ಹಿಡಿಯಲು ತಲೆ ಎಳ್ಳಷ್ಟೂ ಅಲುಗಬಾರದು. ಕಣ್ಣಿನ ಪಾಪೆ ಕತ್ತಲಲ್ಲಿ ಯೌವನದಲ್ಲಿ 7 ಮಿಲಿಮೀಟರ್‌ವರೆಗೆ ಅರಳಿದರೆ, ಅರವತ್ತರ ಹತ್ತಿರ 5ಕ್ಕೆ ಇಳಿದಿರುತ್ತದೆ. ಆದ್ದರಿಂದ 50ರ ಮುಂಗಾಜು ಕಡಿಮೆ ಪಟ್ಟಿನಲ್ಲಿ ಹೆಚ್ಚಾಗಿ ಕೊಡುವ ಬೆಳಕನ್ನು ನಿಮ್ಮ ಕಣ್ಣು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಅದರ ಮುಂತುದಿಯ ಹೊರ ಅಗಲ 55 ಮಿಲಿಮೀಟರ್ ದಾಟುವುದರಿಂದ ಸ್ಕೋಪಿಲ್ಲದೆ ಗುರಿ ಹಿಡಿಯಲೆಂದು ನಳಿಗೆಯ ಮೇಲಿರುವ ಹಿಂಗುರಿಯ ಪಟ್ಟಿಗೆ ತಾಗದಂತೆ ಕೂರಿಸಲು ಇನ್ನೂ ಎತ್ತರಿಸಬೇಕು. ತೂಕವೂ ಅರ್ಧ ಕಿಲೋ ಮೀರುತ್ತದೆ, ಅದನ್ನು ಸಣ್ಣ ಕೊಕ್ಕೆಗಳ ಮೇಲೆ ಹೇರುವುದು ಅನ್ಯಾಯ.

ನಮ್ಮ ಸೀಮೆಯವರಿಗೆ ಇನ್ನೂ ಒಂದು ಕಾರಣ ಹೇಳುತ್ತೇನೆ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆಯ ಬಯಲಿನಲ್ಲಿ ಮಾರ್ಚ್ ಬಂತೆಂದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ನೆಲದ ಮೇಲೆ ಬಿಸಿಗಾಳಿ ನೀರಿನಂತೆ ಅಲುಗಲು ಶುರುವಾಗುತ್ತದೆ. ಪಟ್ಟು ಹೆಚ್ಚಿದಷ್ಟೂ ಆ ಅಲುಗಾಟವೂ ಹಿಗ್ಗಿ ಕಾಣುತ್ತದೆ. 20 ಪಟ್ಟು ಮೀರಿದ ಸ್ಕೋಪಿನಲ್ಲಿ ಮಧ್ಯಾಹ್ನ ನೋಡಿದರೆ ಗುರಿಯ ಕಾಗದ ಒಲೆಯ ಮೇಲಿನ ಹಬೆಯ ಆಚೆ ನೇತುಹಾಕಿದಂತಿರುತ್ತದೆ. 4 ಪಟ್ಟಿನಲ್ಲಿ ಅದು ಇದೆಯೆಂದೂ ತೋರುವುದಿಲ್ಲ.

ಕೊಳ್ಳುವಾಗ ಕೇಳಬೇಕಾದ ಮುಖ್ಯ ಸಂಖ್ಯೆ, ಪೂರ್ತಿ ನೋಟ ಕಾಣಲು ಕಣ್ಣು ಹಿಂಗಾಜಿನಿಂದ ಎಷ್ಟು ದೂರವಿರಬೇಕು ಎಂಬುದು. ಅದು 9 ಸೆಂಟಿಮೀಟರಿಗೆ ಕಡಿಮೆ ಇರಬಾರದು. 7×57ರ ಒದೆತ ಅಷ್ಟೇನೂ ಭಾರಿಯಲ್ಲ, ಆದರೂ ಹತ್ತಿರ ಹಿಡಿದವರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಬಿದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಏರ್‌ಗನ್ನಿಗೆಂದು ಮಾರುವ ಅಗ್ಗದ ಸ್ಕೋಪುಗಳನ್ನು ದಯವಿಟ್ಟು ಮುಟ್ಟಬೇಡಿ. ಅವುಗಳ ಒಳಗಿನ ಸ್ಪ್ರಿಂಗು, ಬಿಗಿತ ಈ ಒದೆತಕ್ಕೆ ಮಾಡಿದ್ದಲ್ಲ. ಜೊತೆಗೆ ಅವು ಹತ್ತಿರದ ದೂರಕ್ಕೆ ಹೊಂದಿಸಿದವಾದ್ದರಿಂದ, 100 ಮೀಟರಿನಲ್ಲಿ ಕಣ್ಣು ಸ್ವಲ್ಪ ಅತ್ತಿತ್ತ ಆದರೂ ಗೆರೆ ಗುರಿಯ ಮೇಲೆ ಜಾರಿದಂತೆ ಕಾಣುತ್ತದೆ. ಸೆಂಟರ್‌ಫೈರ್ (ನಿಮ್ಮದರಂತೆ ತೋಟಾದ ಬುಡದ ನಡುವಿಗೆ ಹೊಡೆದು ಸಿಡಿಸುವ) ರೈಫಲ್ಲಿನದೆಂದು ತಯಾರಕರೇ ಹೇಳಿದ, ಸಾರಜನಕ ತುಂಬಿ ಮುಚ್ಚಿದ, ಎಲ್ಲ ಗಾಜಿನ ಮೈಗಳಿಗೂ ಲೇಪನವಿರುವ ಸ್ಕೋಪ್ ಬೇಕು. ಹಳೆಯದೇ ನೋಟ ಬೇಕೆಂದರೆ ಅಮೆರಿಕದ ಟೆಕ್ಸಾಸಿನ ಎಲ್ ಪಾಸೊದಲ್ಲಿ ತಯಾರಾಗುತ್ತಿದ್ದ ವೀವರ್ ಕೆ4 ಒಂದು ಒಳ್ಳೆಯ ಜೋಡಿ. ಒಂದು ಇಂಚಿನ ಉಕ್ಕಿನ ನಳಿಕೆ, 4 ಪಟ್ಟು, ತೆಳ್ಳಗಿನ ಮೈ. ಹಳೆಯ ಲೈಸೆನ್ಸುದಾರರ ಮನೆಗಳಲ್ಲಿ ಅದು ಆಗಾಗ ಕೈ ಬದಲಾಗುತ್ತದೆ. ಹೊರದೇಶದಿಂದ ತರಿಸುವ ಯೋಚನೆಯಿದ್ದರೆ ಹಣ ಕಟ್ಟುವ ಮುನ್ನ ಆಮದಿನ ನಿಯಮವನ್ನು ಕಸ್ಟಮ್ಸ್ ಕಚೇರಿಯಿಂದ ಬರಹದಲ್ಲಿ ತಿಳಿದುಕೊಳ್ಳಿ. ಕೊಳ್ಳುವ ಮುನ್ನ ಇನ್ನೊಂದು ಅಳತೆಯನ್ನೂ ಮರೆಯಬೇಡಿ: ನಿಮ್ಮ ಎರಡು ಪೀಠಗಳ ನಡುವಿನ ದೂರ. ಮೌಸರ್ ಬೋಲ್ಟಿನ ಮನೆ ಉದ್ದ, ಈಗಿನ ಗಿಡ್ಡ ಸ್ಕೋಪುಗಳ ನೇರ ನಳಿಕೆ ಆ ಎರಡನ್ನೂ ಮುಟ್ಟದೇ ಹೋಗಬಹುದು.

ಎತ್ತರದ ಪ್ರಶ್ನೆಯೇ ಈ ಕೆಲಸದಲ್ಲಿ ಹೆಚ್ಚು ಜನ ಎಡವುವ ಜಾಗ. ಸ್ಕೋಪ್ ನಳಿಗೆಗೆ ಹತ್ತಿರ ಕೂತಷ್ಟೂ ಚೆನ್ನ ಎಂದು ಎಲ್ಲರೂ ಹೇಳುತ್ತಾರೆ, ಹೊಸ ರೈಫಲ್ಲಿಗೆ ಅದು ನಿಜವೂ ಹೌದು. ನಿಮ್ಮದಕ್ಕೆ ಅಲ್ಲ. ಮೌಸರಿನ ಬೋಲ್ಟಿನ ಹಿಂದೆ ರೆಕ್ಕೆಯಂತೆ ನಿಲ್ಲುವ ಸೇಫ್ಟಿ ಇದೆಯಲ್ಲ, ಅದು ಎಡದಿಂದ ಬಲಕ್ಕೆ ತಿರುಗುವಾಗ ನೆಟ್ಟಗೆ ಮೇಲೇರುತ್ತದೆ. ಸ್ಕೋಪನ್ನು ತಗ್ಗಿಸಿದರೆ ಅದು ಹಿಂಗಾಜಿನ ಕವಚಕ್ಕೆ ತಾಗಿ ನಿಲ್ಲುತ್ತದೆ, ಬೋಲ್ಟಿನ ಹಿಡಿಯನ್ನು ಎತ್ತಿದಾಗಲೂ ಅದೇ ಪಾಡು. ಆಗ ಸೇಫ್ಟಿ ಬದಲಿಸಿ, ಬೋಲ್ಟಿನ ಹಿಡಿ ಕತ್ತರಿಸಿ ಬಾಗಿಸಿ ಎಂಬ ಸಲಹೆಗಳು ಒಂದರ ಹಿಂದೆ ಒಂದು ಬರುತ್ತವೆ, ಕೊನೆಗೆ ತಾತನ ರೈಫಲ್ಲಿನಲ್ಲಿ ತಾತನದೆನ್ನಲು ಭುಜಕ್ಕೆ ಒರಗುವ ಮರದ ಬಟ್ಟು ಮಾತ್ರ ಉಳಿದಿರುತ್ತದೆ. ಕ್ಲಾ ಮೌಂಟನ್ನು ಎತ್ತರ ಇಟ್ಟದ್ದೇ ಈ ಎರಡಕ್ಕೂ ಜಾಗ ಬಿಡಲು, ಜೊತೆಗೆ ಸ್ಕೋಪಿನ ಅಡಿಯಿಂದಲೇ ನಳಿಗೆಯ ಮೇಲಿನ ಲೋಹದ ಗುರಿಯನ್ನು (ಹಿಂಗುರಿ, ಮುಂಗುರಿಗಳನ್ನು) ನೋಡಲು.

ಎತ್ತರದ ಸ್ಕೋಪಿನಿಂದ ಬರುವ ತೊಂದರೆ ಒಂದಿದೆ, ಅದು ಕೆನ್ನೆಗೆ ಆಸರೆ ಸಿಗದಿರುವುದು. ಆ ಕಾಲದ ಬಟ್ಟುಗಳನ್ನು ಲೋಹದ ಗುರಿಗೆಂದೇ ಇಳಿಜಾರಾಗಿ ಕೆತ್ತುತ್ತಿದ್ದರು. ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ ನಂತರ ಬಹುಮಾನವಾಗಿ ಬಂದ ರಿಗ್ಬಿ ರೈಫಲ್ ಕೂಡ ನಿಮ್ಮದೇ .275, ಅದನ್ನು ಅವರು ಬಳಸಿದ್ದು ಲೋಹದ ಗುರಿಯಿಂದಲೇ. ಇದಕ್ಕೆ ಮರ ಕೆತ್ತಿಸುವ, ಅಂಟಿಸುವ ಅಗತ್ಯವಿಲ್ಲ. ಬಟ್ಟಿನ ಮೇಲೆ ಹೊದಿಸಿ ಅಡಿಯಲ್ಲಿ ದಾರದಿಂದ ಬಿಗಿಯುವ, ಒಳಗೆ ಉಣ್ಣೆಯ ಫೆಲ್ಟ್ ಇಟ್ಟ ಚರ್ಮದ ಪಟ್ಟಿಯೊಂದು ಸಾಕು. ನನ್ನದನ್ನು ದಾವಣಗೆರೆಯ ಒಬ್ಬ ಚಪ್ಪಲಿ ಹೊಲಿಯುವವರು ಕಾಗದದ ಅಳತೆ ನೋಡಿಯೇ ಮಧ್ಯಾಹ್ನದೊಳಗೆ ಹೊಲಿದುಕೊಟ್ಟರು. ಫೆಲ್ಟಿನ ದಪ್ಪವನ್ನು ಹೀಗೆ ನಿರ್ಧರಿಸಿ: ರೈಫಲ್ ಖಾಲಿಯಿದೆಯೆಂದು ಎರಡು ಸಲ ನೋಡಿ, ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸಿ ಕೆನ್ನೆಯನ್ನು ಆರಾಮಾಗಿ ಒರಗಿಸಿ, ಆಮೇಲೆ ಕಣ್ಣು ತೆರೆಯಿರಿ. ನೋಟದ ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಂಡರೆ ಎತ್ತರ ಸರಿಯಿದೆ. ಕತ್ತು ಚಾಚಬೇಕಾದರೆ ಇನ್ನೊಂದು ಪದರ ಸೇರಿಸಿ.

ತೂತಿನ ವಿಷಯವನ್ನು ಮತ್ತೆ ಎತ್ತುತ್ತಿದ್ದೇನೆ, ಏಕೆಂದರೆ ನಿಮಗೆ ಆ ಸಲಹೆ ಕೊಟ್ಟವರು ಅದನ್ನು ಸುಲಭದ ಕೆಲಸವೆಂದು ಹೇಳಿದ್ದಾರೆ. ಕೆಲವು ವರ್ಷಗಳ ಹಿಂದೆ ಹರಿಹರದ ಕಡೆಯವರೊಬ್ಬರು ತಮ್ಮ ಮನೆಯ ಹಳೆಯ ರೈಫಲ್ಲಿಗೆ ಪರಿಚಯದ ಲೇತ್ ಅಂಗಡಿಯಲ್ಲಿ ತೂತು ಹಾಕಿಸಿ ನನ್ನ ಬಳಿ ತಂದಿದ್ದರು. ಮೌಸರಿನ ಮೇಲ್ಮೈಯನ್ನು ಕಾಯಿಸಿ ಗಟ್ಟಿ ಮಾಡಿರುವುದರಿಂದ ಡ್ರಿಲ್ ಬಿಟ್ ಜಾರಿ, ನಾಲ್ಕರಲ್ಲಿ ಎರಡು ತೂತು ಸಾಲು ತಪ್ಪಿದ್ದವು. ಒಂದು ತೂತು ತೋಟಾದ ಕೋಣೆಯ ಕಡೆಗೆ ಬೇಕಾದ್ದಕ್ಕಿಂತ ಆಳಕ್ಕೆ ಹೋಗಿತ್ತು. ಮೇಲಿದ್ದ ತಯಾರಕರ ಹೆಸರನ್ನು ನುಣುಪು ಮಾಡಲೆಂದು ಗ್ರೈಂಡರ್ ಹಿಡಿದು ಅಳಿಸಿದ್ದರು. ಆ ರೈಫಲ್ಲನ್ನು ಹಾರಿಸಬೇಡಿ ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಇದರಲ್ಲಿ ಕಾನೂನಿನ ತೊಡಕೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಕೋವಿಯ ರಿಪೇರಿ ಮತ್ತು ಪರೀಕ್ಷೆಯ ವ್ಯವಹಾರಕ್ಕೂ ಲೈಸೆನ್ಸ್ ಬೇಕು. ಲೇತ್ ಅಂಗಡಿಯವರ ಕೈಗೆ ರೈಫಲ್ ಕೊಟ್ಟು ಬರುವುದು ಅವರಿಗೂ ನಿಮಗೂ ಅಪಾಯ. ನಿಮ್ಮ ರೈಫಲ್ ಈಗಾಗಲೇ ಕೊರೆದದ್ದಾಗಿದ್ದರೆ ನನ್ನ ಸಲಹೆ ಬೇರೆಯೇ ಆಗುತ್ತಿತ್ತು. ಇದ್ದ ತೂತಿಗೆ ಒಪ್ಪುವ ಪೀಠ ಹುಡುಕಿ ಎನ್ನುತ್ತಿದ್ದೆ.

ಹಂದಿಯ ವಿಷಯಕ್ಕೆ ಉತ್ತರ ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ತೋಟಕ್ಕೆ ಬಂದ ಹಂದಿಯ ಮೇಲೂ ಗುಂಡು ಹಾರಿಸುವಂತಿಲ್ಲ. ಬೆಳೆ ನಷ್ಟಕ್ಕೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಡಿ, ಬೇಲಿ ಭದ್ರಪಡಿಸಿ. ಹಂದಿಯ ನೆಪ ಹೇಳಿ ರಾತ್ರಿ ಕಾಣುವ ಸ್ಕೋಪನ್ನು ಯಾರಾದರೂ ಮಾರಲು ಬಂದರೆ ಅಲ್ಲಿಂದಲೇ ಕಳಿಸಿಬಿಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದಂಥ ಜಾಗಗಳು ಇರುವ ಸೀಮೆ ನಮ್ಮದು, ರಾತ್ರಿ ಸ್ಕೋಪ್ ಹೊತ್ತ ರೈಫಲ್ ಕಾರಿನಲ್ಲಿ ಸಿಕ್ಕರೆ ವಿವರಣೆ ಕೊಡುವುದು ಕಷ್ಟ.

ಇನ್ನು 15 ತೋಟಾಗಳಲ್ಲಿ ಗುರಿ ಹೊಂದಿಸುವುದು. ಅವು ಎಷ್ಟು ಹಳೆಯವೆಂದು ಮೊದಲು ನೋಡಿ. ಹಸಿರು ಕಿಲುಬು ಹಿಡಿದದ್ದನ್ನೂ ಕುತ್ತಿಗೆ ಬಿರುಕು ಬಿಟ್ಟದ್ದನ್ನೂ ಬೇರೆ ಇಡಿ, ಅವನ್ನು ಹಾರಿಸಬಾರದು. ಹಳೆಯ ತೋಟಾದ ಬುಡದ ಮದ್ದು ಉಪ್ಪಿನಂಥ ಶೇಷವನ್ನು ಬಿಡುವ ಸಾಧ್ಯತೆ ಇರುವುದರಿಂದ, ಹಾರಿಸಿದ ದಿನವೇ ನಳಿಗೆಗೆ ಬಿಸಿನೀರು ಹಾಯಿಸಿ, ಒಣಗಿಸಿ, ಎಣ್ಣೆ ಹಚ್ಚಬೇಕು. ಬರಿಯ ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ. ಅನುಮತಿ ಪಡೆದ ರೇಂಜಿನಲ್ಲಿ ಬೋಲ್ಟನ್ನು ಹೊರತೆಗೆದು ರೈಫಲ್ಲನ್ನು ಮರಳಿನ ಚೀಲಗಳ ನಡುವೆ ಅಲುಗದಂತೆ ಇಡಿ. ನಳಿಗೆಯ ಹಿಂಬದಿಯಿಂದ ನೇರ ನೋಡಿ 25 ಮೀಟರಿನ ಕಪ್ಪು ಚುಕ್ಕೆಯನ್ನು ನಳಿಗೆಯ ನಡುವಿಗೆ ತನ್ನಿ. ಆಮೇಲೆ ರೈಫಲ್ ಮುಟ್ಟದೆ ಸ್ಕೋಪಿನ ಗೆರೆಯನ್ನು ಅದೇ ಚುಕ್ಕೆಗೆ ತನ್ನಿ. ಹೊಸ ಸ್ಕೋಪಾದರೆ, ಇದನ್ನು ಮಾಡುವ ಮುಂಚೆ ಎರಡೂ ತಿರುಪುಗಳನ್ನು ಅವುಗಳ ಪೂರ್ತಿ ಓಟದ ನಡುವಿಗೆ ತಂದುಕೊಂಡು, ಎಡ ಬಲದ ದೊಡ್ಡ ವ್ಯತ್ಯಾಸವನ್ನು ಹಿಂದಿನ ಪೀಠದ ತಿರುಪಿನಿಂದಲೇ ಸರಿಪಡಿಸಿ, ಸ್ಕೋಪಿಗೆ ಸಣ್ಣದನ್ನು ಮಾತ್ರ ಬಿಡಿ. ಇಷ್ಟರಲ್ಲಿ ಒಂದು ತೋಟಾವೂ ಖರ್ಚಾಗಿರುವುದಿಲ್ಲ.

ಈಗ 25 ಮೀಟರಿನಲ್ಲಿ ಎರಡು ಗುಂಡು. ಕಾಲು ಮಿನಿಟಿನ (ಇಲ್ಲಿ ಮಿನಿಟೆಂದರೆ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ) ಕ್ಲಿಕ್ ಇರುವ ಸ್ಕೋಪಿನಲ್ಲಿ ಒಂದು ಕ್ಲಿಕ್ 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್, 25 ಮೀಟರಿನಲ್ಲಿ ಸುಮಾರು 1.8 ಮಿಲಿಮೀಟರ್ ಸರಿಸುತ್ತದೆ. ಗುಂಡು 9 ಸೆಂಟಿಮೀಟರ್ ಎಡಕ್ಕೆ ಬಿದ್ದಿದ್ದರೆ ಬಲಕ್ಕೆ 50 ಕ್ಲಿಕ್. ಹೀಗೆ ಅಂದಾಜಿಲ್ಲದೆ ಎಣಿಸಿ ತಿರುಗಿಸಿ, ಆಮೇಲೆ 100 ಮೀಟರಿಗೆ ಹೋಗಿ ಮೂರು ಗುಂಡು. ಸ್ಕೋಪ್ ಎತ್ತರವಿರುವುದರಿಂದ 25ರಲ್ಲಿ ಸರಿಯಾಗಿ ಬಿದ್ದದ್ದು 100ರಲ್ಲಿ ಕೆಲವು ಸೆಂಟಿಮೀಟರ್ ಮೇಲೆ ಬೀಳುತ್ತದೆ, ಗಾಬರಿ ಬೇಡ. ತಿದ್ದಿ ಎರಡು ಗುಂಡು. ನಂತರ ಸ್ಕೋಪನ್ನು ಕಳಚಿ ಮತ್ತೆ ಕೂರಿಸಿ ಇನ್ನೆರಡು. ಕೊನೆಯ ಎರಡು ಹಿಂದಿನವುಗಳ ಪಕ್ಕದಲ್ಲೇ ಬಿದ್ದರೆ ನಿಮ್ಮ ಕೊಕ್ಕೆಗಳು ಇಷ್ಟು ವರ್ಷಗಳ ನಂತರವೂ ಹಿಡಿತ ಬಿಟ್ಟಿಲ್ಲ. ದೂರ ಬಿದ್ದರೆ ಸ್ಕೋಪನ್ನು ಬೈಯಬೇಡಿ, ಹಿಂದಿನ ಪೀಠದ ಸ್ಪ್ರಿಂಗ್ ಬಳಲಿದೆ, ಗನ್‌ಸ್ಮಿತ್ ಅದನ್ನು ಬದಲಿಸಬಲ್ಲರು. ಖರ್ಚಾದದ್ದು ಒಂಬತ್ತು, ಆರು ಉಳಿದವು.

ಸ್ಕೋಪ್ ಹಾಳಾದದ್ದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಕಾರಣ ನಿಮ್ಮ ಚಿತ್ರದಲ್ಲೇ ಇದೆ. ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ, ಸ್ಕೋಪನ್ನು ಚರ್ಮದ ಕೊಳವೆಯಲ್ಲಿಟ್ಟು, ಅಡಿಕೆ ಬೇಯಿಸುವ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇರಿಸಿದ್ದೀರಿ. ನಮ್ಮ ಜಿಲ್ಲೆ ಒಣಹವೆಯದು ನಿಜ, ಆದರೆ ಸುಗ್ಗಿಯಲ್ಲಿ ಹಂಡೆಯ ಹಬೆ ನೇರ ಅಟ್ಟಕ್ಕೇ ಹೋಗುತ್ತದೆ. ಉಣ್ಣೆಯೂ ಚರ್ಮವೂ ಆ ತೇವವನ್ನು ಹೀರಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತವೆ. ಸ್ಕೋಪನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹದವಾಗಿ ಬಿಸಿಮಾಡಿ ಮತ್ತೆ ಹಾಕಿ. ಚುನಾವಣೆ ಬಂದು ಠಾಣೆಗೆ ರೈಫಲ್ ಒಪ್ಪಿಸುವಾಗ ಸ್ಕೋಪನ್ನು ಮನೆಯಲ್ಲೇ ಕಳಚಿಟ್ಟು ಹೋಗಿ, ರಸೀದಿಯಲ್ಲಿ ಸ್ಕೋಪ್ ಇಲ್ಲದೆ ಎಂದು ಬರೆಸಿಕೊಳ್ಳಿ. ಹತ್ತಾರು ಕೋವಿಗಳನ್ನು ಒಂದರ ಮೇಲೊಂದು ಒರಗಿಸಿಡುವ ಕೋಣೆಯಲ್ಲಿ ಮೊದಲು ಪೆಟ್ಟು ತಿನ್ನುವುದು ಅದೇ.

ನಳಿಕೆಯ ದಪ್ಪ, ಪೀಠಗಳ ನಡುವಿನ ದೂರ, ಹಿಂದಿನ ಪೀಠದ ಮೇಲಿನಿಂದ ನಳಿಕೆಯ ಅಡಿಯವರೆಗಿನ ಎತ್ತರ, ಈ ಮೂರು ಅಳತೆಗಳನ್ನೂ ಟಾರ್ಚಿನ ಬೆಳಕಿನಲ್ಲಿ ತೆಗೆದ ಮಸೂರದ ಒಂದು ಚಿತ್ರವನ್ನೂ ಕಳಿಸಿದರೆ, ದುರಸ್ತಿಯೋ ಹೊಸದೋ ಎಂಬುದನ್ನು ಖಚಿತವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಅಂಗಡಿಗೆ ಮುಂಗಡ ಕೊಡಬೇಡಿ.